ನೀಲಿ ಬೆಳಕಿನಲ್ಲಿ ಬಂಗಾರ

"ಅಯ್ಯ! ಬಂಗಾರ ಕಬ್ಬಣ ಆತಲ್ಲೋ!"

ಪಾರ್ವತೆವ್ವ ಗಾಜಿನ ತೊಟ್ಟಿಯ ಮೇಲೆ ಚಾಚಿದ್ದ ಕೈಯನ್ನು ಸರ್ರನೆ ಹಿಂದಕ್ಕೆಳೆದುಕೊಂಡಳು. ಅಡುಗೆಮನೆಯಿಂದ ಬೀಳುತ್ತಿದ್ದ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು. ಮುಂಗೈಯ ಬಂಗಾರದ ಪಾಟ್ಲಿ ಹಳದಿ. ಮತ್ತೆ ತೊಟ್ಟಿಯ ದೀಪದ ಕೆಳಗೆ ಹಿಡಿದಳು. ಪಾಟ್ಲಿ ಕಪ್ಪು, ಹಾಳುಬಾವಿಯ ಗಡಗಡಿಯ ಹಾಗೆ.

"ಯಾವ ಮಾಟದ ಮನಿಗೆ ಕರ್ಕೊಂಡು ಬಂದೀಯೋ ತಮ್ಮಣ್ಣ ನನ್ನ?"

"ಮಾಟ ಅಲ್ಲಬೇ ಯವ್ವಾ. ನೀಲಿ ಲೈಟು. ಹಳದಿ ಅದರಾಗ ಕಾಣಂಗಿಲ್ಲ."

"ಕಾಣದಿದ್ದ ಮ್ಯಾಲ ಅದೆಂಥ ಬೆಳಕೋ?"

ಹೊರಗೆ ಮಧ್ಯಾಹ್ನ ಮೂರು ಗಂಟೆ. ಕೊಲ್ಲಿ ನಾಡಿನ ಖಾಲಿದಿಯಾ ಬಡಾವಣೆಯ ಬಿಸಿಲು ಕಾರುಗಳ ತಗಡಿನ ಮೇಲೆ ಕುದಿಯುತ್ತಿತ್ತು. ಏಳನೆಯ ಮಹಡಿಯ ಈ ಹಾಲಿನೊಳಗೆ ಮಾತ್ರ ಹೊತ್ತು ಎಂಬುದೇ ಇರಲಿಲ್ಲ. ಬಿಸಿಲು ಬಿದ್ದರೆ ನೀರಿನಲ್ಲಿ ಪಾಚಿ ಕಟ್ಟುತ್ತದೆಂದು ಸುಶಾಂತ ಕಿಟಕಿಗಳಿಗೆಲ್ಲ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದ. ಗೋಡೆಯುದ್ದದ ತೊಟ್ಟಿಯೊಂದೇ ಅಲ್ಲಿಯ ಸೂರ್ಯ. ಅದರ ಬೆಳಕಿನಲ್ಲಿ ಮನುಷ್ಯರ ಹಲ್ಲು, ಕಣ್ಣಿನ ಬಿಳಿ, ಅಂಗಿಯ ಗುಂಡಿ ಇಷ್ಟೇ ಹೊಳೆಯುತ್ತಿದ್ದವು.

ಸುಶಾಂತ ಕಾಣೆಯಾಗಿ ಅಂದಿಗೆ ಮೂವತ್ತೆರಡು ದಿನ.

ಅವನ ಹೆಂಡತಿ ದಾನೇಶ್ವರಿ ಸೋಫಾದ ತುದಿಯಲ್ಲಿ ಕುಳಿತಿದ್ದಳು. ಕ್ಲಿನಿಕ್ಕಿನ ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ ಬಂದವಳು ಕೊರಳಿನ ಗುರುತಿನ ಚೀಟಿಯನ್ನು ಇನ್ನೂ ತೆಗೆದಿರಲಿಲ್ಲ. ತಮ್ಮಣ್ಣನ ಜೊತೆ ಬಂದು ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿಗೆ ಒರಗಿ ನಿಂತವನು ಉಳ್ಳಾಲದ ರಿಝ್ವಾನ್. ಮನೆಮನೆಯ ಅಕ್ವೇರಿಯಂಗಳನ್ನು ನೋಡಿಕೊಳ್ಳುವುದು ಅವನ ಕಸುಬು. ಈ ಮನೆಯ ಹವಳಗಳನ್ನು ಒಂದೊಂದಾಗಿ ತಂದು ಕಲ್ಲಿಗೆ ಅಂಟಿಸಿಕೊಟ್ಟವನೂ ಅವನೇ.

ಹೋದ ವಾರ ಪೊಲೀಸರಿಗೆ ಅವನ ವ್ಯಾನಿನ ಉಪ್ಪಿನ ಬಕೆಟ್ಟಿನಲ್ಲಿ ಒಂದು ಉಂಗುರ ಸಿಕ್ಕಿತ್ತು. ಚಪ್ಪಟೆ ಮುಖದ ಬಂಗಾರದ ಉಂಗುರ, ಮೇಲೆ 'ದಾ' ಎಂದು ಕೆತ್ತಿದ್ದು. ಗಂಡನದೇ ಎಂದು ದಾನೇಶ್ವರಿ ಗುರುತು ಹಿಡಿದಿದ್ದಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ರಿಝ್ವಾನ್ ಠಾಣೆಯಲ್ಲಿರಬೇಕು. ಒಳಗೆ ಹೋದವನು ಹೊರಗೆ ಬರುತ್ತಾನೆಂದು ಯಾರೂ ಹೇಳುತ್ತಿರಲಿಲ್ಲ. ಅವನ ಹೆಂಡತಿ, ಏಳು ತಿಂಗಳ ಬಸುರಿ ರುಬೀನ, ಊರಾಚೆ ಕಾರ್ಖಾನೆಗಳಿರುವ ಮುಸಫ್ಫಾಕ್ಕೆ ಬಂದು ತಮ್ಮಣ್ಣನ ಹೊಸ್ತಿಲ ಮೇಲೆ ಕುಳಿತು ಅತ್ತು ಹೋಗಿದ್ದಳು.

ತಮ್ಮಣ್ಣ ಅಲ್ಲಿಯ ನೀರು ಶುದ್ಧಿ ಘಟಕದ ಆಪರೇಟರ್. ತೊಟ್ಟಿಗಳಿಗೆ ರಿಝ್ವಾನ್ ಒಯ್ಯುತ್ತಿದ್ದುದು ಅವನು ಸೋಸಿದ ನೀರನ್ನೇ. ಅಲ್ಲಿಯ ಕನ್ನಡದವರಲ್ಲಿ ಯಾರಿಗೆ ಏನು ಗಂಟು ಬಿದ್ದರೂ ತಮ್ಮಣ್ಣನ ಬಳಿ ಬರುವುದು ರೂಢಿ. ಮನುಷ್ಯರ ಮಾತನ್ನು ಅವನು ಬೇಗ ನಂಬುತ್ತಿರಲಿಲ್ಲ. ನೀರನ್ನು ನಂಬುತ್ತಿದ್ದ.

ತಾಯಿಯನ್ನು ಕರೆತಂದದ್ದಕ್ಕೂ ಕಾರಣವಿತ್ತು. ಪಾರ್ವತೆವ್ವ ಗುಳೇದಗುಡ್ಡದಲ್ಲಿ ಕುಪ್ಪಸದ ಕಣದ ನೂಲಿಗೆ ಬಣ್ಣ ಕಟ್ಟುವ ಮನೆಯಲ್ಲಿ ಹುಟ್ಟಿದವಳು. ನೀಲಿಯ ಬಾನಿಯ ಮುಂದೆ ನಲವತ್ತು ವರ್ಷ ಕುಳಿತು ಎದ್ದವಳು. ನಿನ್ನೆ ಮಗನ ಫೋನಿನಲ್ಲಿ ಈ ತೊಟ್ಟಿಯ ಹಳೆಯ ಫೋಟೊ, ಹೊಸ ಫೋಟೊ ಎರಡನ್ನೂ ನೋಡಿ ಒಂದೇ ಮಾತು ಹೇಳಿದ್ದಳು: "ಇದು ತಾನಾಗಿ ಬಂದ ಬಣ್ಣಲ್ಲ. ಯಾರೋ ಸಮಾಧಾನದಿಂದ ಕಟ್ಟ್ಯಾರ."

ನಿಜಕ್ಕೂ ಬಣ್ಣ ಬಂದಿತ್ತು. ಎರಡು ವರ್ಷ ಕಂದು ಕಂದಾಗಿಯೇ ಇದ್ದ ಹವಳದ ಕೊಂಬೆಗಳ ತುದಿಗೆ ಈಗ ನೇರಳೆ. ಕಲ್ಲಿಗೆ ಹರಡಿದ್ದಕ್ಕೆ ಎಳೆ ಹುಲ್ಲಿನ ಹಸಿರು. ಒಂದು ಗುಂಪು, ಹಸುಗೂಸಿನ ಅಂಗೈಯಂಥ ಗುಲಾಬಿ. ಒಡೆಯ ಹೋದ ಮನೆಯಲ್ಲಿ ಅವು ಒಂದೊಂದಾಗಿ ಕಣ್ಣು ತೆರೆದಿದ್ದವು.

"ಅವರು ಎರಡು ವರ್ಷ ಇದರ ಮುಂದ ಜೀವಾ ತೇದರು," ದಾನೇಶ್ವರಿ ತೊಟ್ಟಿಯ ಕಡೆ ನೋಡದೆಯೇ ಹೇಳಿದಳು. "ಸೆಗಣಿ ಬಣ್ಣ ಬಿಟ್ಟು ಬ್ಯಾರೆ ಬರಲಿಲ್ಲ. ಅವರು ಹೋದ ಮ್ಯಾಲೆ ದಿನಾ ಒಂದೀಟು, ದಿನಾ ಒಂದೀಟು... ಅವರು ಹೋಗೂದನ್ನ ಕಾಯ್ತಿತ್ತೇನೋ ಅನ್ನೂಹಂಗ."

"ನೀವು ಮುಟ್ಟಿಲ್ಲ?" ತಮ್ಮಣ್ಣ ಕೇಳಿದ.

"ನಾನ್ಯಾಕ ಮುಟ್ಟಲಿ ಅಣ್ಣಾರ? ಯಾರೂ ಮುಟ್ಟಿಲ್ಲ."

"ಅವತ್ತು ಮುಂಜಾನಿ ಅವರ ಮೈಮ್ಯಾಲ ಏನೇನಿತ್ತು, ಇನ್ನೊಮ್ಮೆ ಹೇಳ್ರಿ."

ಹೇಳಿ ಹೇಳಿ ಬಾಯಿಪಾಠವಾಗಿತ್ತು. "ಬಿಳಿ ಅಂಗಿ. ಕರೆ ಪ್ಯಾಂಟು. ಗಡಿಯಾರ. ಬಲಗೈ ಬೆರಳಾಗ ನಮ್ಮಪ್ಪ ಲಗ್ನದಾಗ ಇಟ್ಟ ಉಂಗುರ. ಲಿಫ್ಟಿನ ಗುಂಡಿ ಒತ್ತಿದಾಗ ಅದು ಮಿಂಚಿತು. ನಾ ಬಾಗಿಲದಾಗ ನಿಂತಿದ್ದೆ."

ತಮ್ಮಣ್ಣ ತಲೆಯಾಡಿಸಿ ಅಡುಗೆಮನೆಗೆ ಹೋದ. ಹಿಂದೆಯೇ ಪಾರ್ವತೆವ್ವ ಹೋದಳು. ಗೋಡೆಯ ಮೂಲೆಯಲ್ಲಿ ಸೋಸಿದ ನೀರಿನ ಡ್ರಮ್ಮು. ಅದರಿಂದ ಸಣ್ಣ ಪೈಪೊಂದು ಹಾಲಿನ ತೊಟ್ಟಿಗೆ ಹೋಗಿತ್ತು. ಹಿಂದಿನ ಮೆಟ್ಟಿಲಿಗೆ ತೆರೆಯುವ ಬಾಗಿಲಿಗೆ ಅಡ್ಡಲಾಗಿ ಸಮುದ್ರದ ಉಪ್ಪಿನ ದೊಡ್ಡ ಬಕೆಟ್ಟು. ಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬ್ಬಿ.

ಪಾರ್ವತೆವ್ವ ಸುಮ್ಮನಿರುವವಳಲ್ಲ. ಎತ್ತಿ ನೋಡಿದಳು. "ಭಾರ ಐತಿ. ಯಾರ ಬುತ್ತಿ ಯವ್ವಾ ಇದು?"

"ನಂದ," ಹಾಲಿನಿಂದ ದಾನೇಶ್ವರಿಯ ದನಿ ತಟ್ಟನೆ ಬಂತು. "ಮುಂಜಾನಿ ಒಯ್ಯೂದು ಮರತೆ. ಇಡ್ರಿ ಅದನ್ನ, ಅಲ್ಲೇ ಇಡ್ರಿ."

ತಮ್ಮಣ್ಣ ಡ್ರಮ್ಮಿನ ಮುಚ್ಚಳ ತೆರೆದು ತೋಳೇರಿಸಿ ಕೈಬಿಟ್ಟ. ತೆಗೆದ ಕೈ ಒರೆಸಿಕೊಳ್ಳದೆಯೇ ಹಾಲಿಗೆ ಬಂದು ನಿಂತ. ನೀರು ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ದಾನೇಶ್ವರಕ್ಕಾರ. ಈ ಎಸಿ ಒಳಗ ಇಂಥ ತೊಟ್ಟಿ ದಿನಕ್ಕ ಐದು ಲೀಟರ್ ನೀರು ಆರಿಸಿಕೊಳ್ತೈತಿ. ಆ ಡ್ರಮ್ಮು ಹಿಡಿಯೂದು ನಲವತ್ತು. ಎಂಟು ದಿನಕ್ಕ ತಳ ಕಾಣಬೇಕು. ಇವತ್ತು ಮೂವತ್ತೆರಡು ದಿನ." ಅವನು ಕೈ ಎತ್ತಿ ತೋರಿಸಿದ. "ಮೊಣಕೈ ಮಟ ನೀರೈತಿ."

ದಾನೇಶ್ವರಿ ಕೊರಳಿನ ಗುರುತಿನ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಪಂಪು ಗುಂಯ್ ಎನ್ನುತ್ತಿತ್ತು.

"ಅದು ನಾನು ಹಾಕಿದ್ದು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ರಿಝ್ವಾನ್ ಚಪ್ಪಲಿ ಸ್ಟ್ಯಾಂಡ್ ಬಿಟ್ಟು ನೆಟ್ಟಗೆ ನಿಂತಿದ್ದ.

"ಮಂಗಳವಾರ, ಗುರುವಾರ. ಕೆಳಗೆ ಲಿಯೊನೆಲ್‌ನ ಡ್ಯೂಟಿ ಇರುವ ದಿನ. ನಾತೂರ್ ಅಲ್ವಾ ಅವನು, ವಾಚ್‌ಮ್ಯಾನ್, ಎಲ್ಲ ಮನೆಯ ಕೀ ಉಂಟು ಅವನ ಹತ್ರ. ಕೈ ಕಾಲು ಹಿಡಿದು ಇಸ್ಕೊಂಡೆ. ಪೊಲೀಸರು ಈ ಬಿಲ್ಡಿಂಗಿಗೆ ಒಬ್ಬನೇ ಕಾಲಿಡಬಾರದು ಅಂದಿದ್ರು. ಗೊತ್ತುಂಟು. ಆದ್ರೆ ಜೀವ ಇರುವುದಲ್ವಾ ಅಣ್ಣ ಇದು? ನೀರು ಇಳಿದು ಉಪ್ಪು ಏರಿದ್ರೆ ಎರಡು ದಿನ. ಮತ್ತೆ ಖಲಾಸ್."

"ನೀರು ಹಾಕಿ ಹೋಗೋ ಕಳ್ಳನ್ನ ಇವತ್ತ ನೋಡಿದೆ ನಾ," ಎಂದಳು ಪಾರ್ವತೆವ್ವ.

ತಮ್ಮಣ್ಣನಿಗೆ ನಗು ಬರಲಿಲ್ಲ. "ಹುಚ್ಚಾ. ಇದನ್ನ ನಾಳೆ ಠಾಣೆದಾಗ ಹೇಳಿದ್ರ ನಿನ್ನ ಕೊರಳಿಗೆ ನೀನ ಹಗ್ಗ ಹೊಸೆದು ಕೊಟ್ಟಂಗ."

"ಅದಕ್ಕೇ ಅಲ್ವಾ ನಿಮಗೂ ಹೇಳದೆ ಇದ್ದದ್ದು."

ಆಗ ದಾನೇಶ್ವರಿ ಎದ್ದಳು. ಬಯ್ಯುತ್ತಾಳೆಂದು ರಿಝ್ವಾನ್ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಬಯ್ಯಲಿಲ್ಲ.

"ನೀನಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಮುರಿದಿತ್ತು. "ಇಷ್ಟು ದಿನ... ನೀನಾ?"

"ಹೌದಕ್ಕ."

"ಹತ್ತನೇ ದಿನ ನಾನೂ ಆ ಡ್ರಮ್ಮು ನೋಡಿದ್ದೆ. ತುಂಬಿತ್ತು. ನಾ ಅಳಲಿಲ್ಲ ಅವತ್ತು, ನಕ್ಕೆ. ಅವರು ಬದುಕ್ಯಾರ, ಯಾರಿಗೋ ಅಂಜಿ ಎಲ್ಲೋ ಅಡಗ್ಯಾರ, ನಾ ಇಲ್ಲದಾಗ ಬಂದು ತಮ್ಮ ಹವಳಕ್ಕ ನೀರು ಕೊಟ್ಟು ಹೋಗ್ತಾರ ಅಂತ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಹಿಡಕೊಂಡು ಹೋದಾರು ಅಂತ." ಅವಳು ಅಡುಗೆಮನೆಯ ಕಡೆ ಕೈ ತೋರಿಸಿದಳು. "ಮರುದಿನದಿಂದ ಆ ಡಬ್ಬಿಯೊಳಗ ಎರಡು ರೊಟ್ಟಿ, ಪಲ್ಯ ಇಟ್ಟು ಕೆಲಸಕ್ಕ ಹೋಗಾಕತ್ತಿದೆ. ಬಂದು ನೋಡಿದ್ರ ಖಾಲಿ. ದಿನಾ ಖಾಲಿ."

ರಿಝ್ವಾನ್ ಅಡುಗೆಮನೆಯ ಕಡೆ ನೋಡಿದ.

"ಅಕ್ಕ... ಆ ರೊಟ್ಟಿ ನಾನು ತಿಂದದ್ದು."

ದಾನೇಶ್ವರಿ ಅವನನ್ನೇ ನೋಡಿದಳು.

"ನೀವು ನನಗೇ ಇಟ್ಟದ್ದು ಅಂತ ಮಾಡಿದೆ. ಅಕ್ಕನಿಗೆ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗುವುದಿಲ್ಲ, ಊಟ ಇಟ್ಟಿದ್ದಾರೆ ಅಂತ. ರುಬೀನನಿಗೂ ಹೇಳಿದ್ದೆ, ಆ ಅಕ್ಕ ಪೊಲೀಸರ ಮುಂದೆ ಏನೇ ಹೇಳ್ಲಿ, ಮನಸ್ಸಿನಲ್ಲಿ ನನ್ನನ್ನು ನಂಬ್ತಾರೆ ಅಂತ."

ಪಾರ್ವತೆವ್ವ ಹೋಗಿ ದಾನೇಶ್ವರಿಯನ್ನು ಹಿಡಿದು ಕೂಡಿಸಿದಳು. ತಲೆಯ ಮೇಲೆ ಕೈಯಿಟ್ಟಳು. ಮೂವತ್ತೆರಡು ದಿನ ಬಾರದ ಅಳು ಈಗಲೂ ಬರಲಿಲ್ಲ. ಭುಜಗಳು ಮಾತ್ರ ಅಲ್ಲಾಡಿದವು.

"ತಪ್ಪಾಯ್ತಕ್ಕ," ರಿಝ್ವಾನ್ ತನ್ನ ಪಾಡಿಗೆ ಹೇಳುತ್ತಲೇ ಇದ್ದ. "ತಿಂದದ್ದೂ ತಪ್ಪು. ತಿಂದು ತೊಳೆಯದೆ ಹೋದದ್ದೂ ತಪ್ಪು."

ದಾನೇಶ್ವರಿಯ ಭುಜ ನಿಂತಿತು. ನಿಧಾನ ತಲೆಯೆತ್ತಿದಳು.

"ತೊಳೀಲಿಲ್ಲಾ?"

"ಇಲ್ಲಕ್ಕ. ಅರ್ಜೆಂಟಲ್ಲಿ ಮುಚ್ಚಳ ಹಾಕಿ ಇಟ್ಟು ಓಡುವುದು."

"ಒಮ್ಮೆನೂ?"

"ಅಲ್ಲಾಹನಾಣೆ, ಒಮ್ಮೆಯೂ ಇಲ್ಲ."

"ಮಂಗಳವಾರ, ಗುರುವಾರ ಡಬ್ಬಿ ಮುಸುರಿ ಇರ್ತಿತ್ತು," ಅವಳು ಒಂದೊಂದೇ ಮಾತನ್ನು ಕತ್ತಲಲ್ಲಿ ತಡವಿ ಎತ್ತಿಕೊಂಡಂತೆ ಹೇಳಿದಳು. "ಸೋಮವಾರ, ಬುಧವಾರ, ಶುಕ್ರವಾರ... ತೊಳೆದು ಬೋರಲ ಹಾಕಿರ್ತಿತ್ತು."

ಅಂದು ಬುಧವಾರ.

ತಮ್ಮಣ್ಣ ಹೋಗಿ ಮುಂಬಾಗಿಲ ಚಿಲಕ ನೋಡಿದ. ತಾನು ಹಾಕಿದ ಚಿಲಕ ಹಾಕಿದಂತೆಯೇ ಇತ್ತು. ತಿರುಗಿ ಬಂದು ದನಿ ತಗ್ಗಿಸಿದ.

"ರಿಝ್ವಾನ, ಖರೇ ಹೇಳು. ಈ ಬಣ್ಣ ನಿನ್ನ ಕೈದಾ?"

"ಅಲ್ಲಣ್ಣ. ಅದನ್ನೇ ಹೇಳ್ಬೇಕು ಅಂತ ಇದ್ದೆ. ನನಗೂ ಹೆದರಿಕೆ ಆಗಿದೆ." ರಿಝ್ವಾನ್ ಮೊದಲ ಸಲ ತೊಟ್ಟಿಯ ಹತ್ತಿರ ಬಂದ. "ನಾನು ನೀರು ಹಾಕಿದೆ, ಗಾಜು ಒರೆಸಿದೆ, ಅಷ್ಟೇ. ನೀರಿನಿಂದ ಇಷ್ಟು ಬಣ್ಣ ಬರುವುದಿಲ್ಲ. ಸುಶಾಂತ್ ಸರ್‌ಗೆ ತಾಳ್ಮೆ ಇರ್ಲಿಲ್ಲ. ಮೀನಿಗೆ ಊಟ ಜಾಸ್ತಿ ಹಾಕ್ತಿದ್ರು, ನೀರು ಗೊಬ್ಬರದ ಹಾಗೆ ಆಗ್ತಿತ್ತು, ಹವಳ ಕಂದಾಗ್ತಿತ್ತು. ಮತ್ತೆ ಸಿಟ್ಟು ಬಂದು ಲೈಟ್ ಒಮ್ಮೆಲೇ ಏರಿಸುವುದು. ತುದಿ ಸುಟ್ಟು ಬೆಳ್ಳಗೆ. ಈ ಜೀವಕ್ಕೆ ಊಟ ಕಡಿಮೆ ಬೇಕು, ಸುಣ್ಣದ ಅಂಶ ಒಂದೇ ಹದದಲ್ಲಿ ಇರ್ಬೇಕು, ಬೆಳಕು ದಿನಕ್ಕೆ ಕೂದಲೆಳೆಯಷ್ಟು ಏರ್ಬೇಕು."

"ಸುಣ್ಣ ತಿಂತೈತಾ ಇದು?" ಪಾರ್ವತೆವ್ವನ ಮುಖ ಅರಳಿತು. "ಅಯ್ಯ, ನಮ್ಮ ನೀಲಿ ಬಾನಿನೂ ಸುಣ್ಣ ತಿಂತಿತ್ತೋ ತಮ್ಮಾ! ಹಸಿಬಿಸಿ ಮಾಡಿ ಕೈ ಹಾಕಿದ್ರ ಮುನಿಸ್ಕೊಂಡು ವಾರಗಟ್ಲೆ ಬಣ್ಣಾನ ಬಿಡ್ತಿದ್ದಿಲ್ಲ."

"ಅದೇ ಅಮ್ಮ, ಅದೇ! ನಾನು ಒಂದೊಂದು ಸಲ ಬಂದಾಗಲೂ ಲೈಟ್ ಸ್ವಲ್ಪ, ಸ್ವಲ್ಪವೇ ಏರಿರ್ತಿತ್ತು. ಯಾರೋ ತಿಳಿದವರು ಏರಿಸಿದ ಹಾಗೆ. ಲೈಟಿಗೆ ಸ್ವಿಚ್ ಇಲ್ಲ. ಫೋನಿನಿಂದಲೇ. ದೂರದಿಂದಲೂ ಆಗುವುದಿಲ್ಲ, ಈ ಮನೆಯ ವೈಫೈ ಸಿಗುವಷ್ಟು ಹತ್ತಿರ ಇರ್ಬೇಕು."

"ಸುಶಾಂತನ ಫೋನು ಅವತ್ತಿನಿಂದ ಬಂದ್ ಐತಿ."

"ಅದೇ ನಾನೂ ಹೇಳುವುದು."

ನೀರಿನಲ್ಲಿ ಒಂದು ಸಣ್ಣ ಹಳದಿ ಮೀನು, ನೀಲಿ ಬೆಳಕಿನಲ್ಲಿ ಕಪ್ಪಾಗಿ, ಕಲ್ಲಿನ ಹಿಂದೆ ಸರಿಯಿತು.

ಪಾರ್ವತೆವ್ವ ತನ್ನ ಪಾಟ್ಲಿಯನ್ನು ಇನ್ನೊಮ್ಮೆ ನೋಡಿಕೊಂಡಳು. "ನಮ್ಮ ಮನ್ಯಾಗ ಒಂದು ಕಟ್ಟಳೆ ಇತ್ತು. ದೀಪದ ಬೆಳಕಿನಾಗ ಬಣ್ಣ ನೋಡಿ ನೂಲಿನ ಲಡಿ ಕೊಡಂಗಿಲ್ಲ. ದೀಪ ಸುಳ್ಳು ಹೇಳ್ತೈತಿ. ಮುಂಜಾನಿ ಅಂಗಳಕ್ಕ ಒಯ್ದು ಬಿಸಲಾಗ ಬಿಡಿಸಿ ನೋಡಿದ ಮ್ಯಾಲ ಹೌದು ಅನ್ನಬೇಕು. ಇದನ್ನ ಬೆಳ್ಳನ್ನ ಬೆಳಕಿನಾಗ ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ. ರಿಝ್ವಾನ್ ತಲೆ ಕೆರೆದುಕೊಂಡ. ಅಂಗಡಿಗಳಲ್ಲೂ ಹವಳ ಮಾರುವುದು ನೀಲಿಯಲ್ಲೇ, ಅದರಲ್ಲೇ ಹೊಳಪು ಹೆಚ್ಚು. ತಮ್ಮಣ್ಣ ಫೋನಿನ ಟಾರ್ಚ್ ಹಾಕಿದ. ಗಾಜಿನಲ್ಲಿ ತನ್ನದೇ ಮುಖ ಕಂಡಿತು. ಕಿಟಕಿಯ ಹಾಳೆ ಕೀಳಲು ಉಗುರು ಹಾಕಿದ. ಉಪ್ಪಿನ ತೇವಕ್ಕೆ ಸವೆದಿದ್ದ ಅದು ಬೂದಿಯಂತೆ ಪುಡಿಪುಡಿಯಾಗಿ ಉದುರಿತೇ ಹೊರತು ಬಿಡಲಿಲ್ಲ.

ಪಾರ್ವತೆವ್ವ ತೊಟ್ಟಿಯ ಮುಂದೆ ಹೋಗಿ ನಿಂತಳು. ಊರಿನಲ್ಲಿ ಮುನಿಸಿಕೊಂಡ ಬಾನಿಯೊಡನೆ ಮಾತಾಡುತ್ತಿದ್ದ ರೂಢಿ ಅವಳಿಗೆ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

"ಯಾರ ಕೈಯೋ ಏನೋ. ಛಲೋ ಬಣ್ಣ ಕಟ್ಟೀಯಪಾ. ಒಮ್ಮೆ ಬೆಳ್ಳನ್ನ ಬೆಳಕು ತೋರ್ಸು. ನೋಡಿ ಹೌದು ಅಂತೀನಿ."

ದೀಪ ತುಸು ಮಂದವಾಯಿತು.

ಕರೆಂಟು ಹೋಯಿತೆಂದು ತಮ್ಮಣ್ಣ ಎಣಿಸಿದ. ಪಂಪು 'ಗುಂಯ್' ಎನ್ನುತ್ತಲೇ ಇತ್ತು. ನೀಲಿ ತೆಳ್ಳಗಾಯಿತು. ಅದರ ಅಡಿಯಿಂದ, ಕೆರೆಯ ಮೇಲೆ ಬೆಳಗಾದಂತೆ, ಬಿಳಿ ಏರತೊಡಗಿತು. ಅವಸರವಿಲ್ಲದೆ ಏರಿತು. ಮೊದಲು ಮರಳು ಕಂಡಿತು, ಆಮೇಲೆ ಕಲ್ಲು, ಆಮೇಲೆ ನಾಲ್ವರ ಮುಖ. ದಾನೇಶ್ವರಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಿಝ್ವಾನನ ತುಟಿ ಏನೋ ಪ್ರಾರ್ಥನೆ ಹೇಳುತ್ತಿತ್ತು. ಎಲ್ಲಿಯೋ ನೀರು ಬಿದ್ದ ಸದ್ದು. ತೊಟ್ಟಿಯದೇ ಇರಬೇಕೆಂದು ಯಾರೂ ತಿರುಗಲಿಲ್ಲ.

"ಅಣ್ಣ," ಎಂದ ರಿಝ್ವಾನ್. "ಆ ತಂತಿ..."

ಹಿಂದಿನ ಕಲ್ಲಿನ ಮೇಲೆ ಹರಡಿದ ನೇರಳೆ ಹವಳದ ನಡುವೆ ಕರಿಯ ತಂತಿಯ ಸುತ್ತೊಂದಿದ್ದುದನ್ನು ಅವನು ಎಷ್ಟೋ ಸಲ ಕಂಡಿದ್ದ. ಕೊಂಬೆ ಬಿಗಿಯಲು ಸುಶಾಂತ ಕಟ್ಟಿದ್ದೆಂದು ತಿಳಿದಿದ್ದ. ಬೆಳ್ಳನೆಯ ಬೆಳಕಿನಲ್ಲಿ ಅದು ಕಪ್ಪಾಗಿರಲಿಲ್ಲ.

ಹಳದಿಯಾಗಿತ್ತು. ಪಾರ್ವತೆವ್ವನ ಪಾಟ್ಲಿಯ ಹಳದಿ.

ಮುಕ್ಕಾಲು ಭಾಗವನ್ನು ಹವಳ ನುಂಗಿತ್ತು. ಉಳಿದದ್ದು ಒಂದು ಚಪ್ಪಟೆ ಮುಖದ ಅಂಚು, ಅದರ ಮೇಲೆ ಕೆತ್ತಿದ ಅಕ್ಷರದ ಅರ್ಧ. 'ದಾ' ಎಂದು ಓದಲು ಮಿಕ್ಕ ಅರ್ಧ ಬೇಕಿರಲಿಲ್ಲ.

"ನಮ್ಮಪ್ಪನ ಉಂಗುರ," ದಾನೇಶ್ವರಿಯ ದನಿ ಎಲ್ಲಿಂದಲೋ ಬಂತು. "ಅಪ್ಪ ಮಾಡಿಸಿದ್ದು ಒಂದ. ಒಂದ ಮಾಡಿಸಿದ್ದು."

"ಹವಳ ಇಷ್ಟು ಹತ್ತಾಕ ಎಷ್ಟು ದಿನ ಬೇಕು?" ತಮ್ಮಣ್ಣ ಕೇಳಿದ.

ರಿಝ್ವಾನ್ ಹಣೆಯನ್ನು ಗಾಜಿಗೆ ಒತ್ತಿ ನೋಡಿದ. "ಮೂರು ತಿಂಗಳಿಗೆ ಒಂದು ದಿನ ಕಡಿಮೆ ಇಲ್ಲ. ಮನುಷ್ಯರ ಬಾಯಲ್ಲಿ ಏನು ಬೇಕಾದ್ರೂ ಹೇಳಿಸ್ಬಹುದು ಅಣ್ಣ. ಇದನ್ನು ಅವಸರ ಮಾಡಿಸ್ಲಿಕ್ಕೆ ಆಗುವುದಿಲ್ಲ." ಹೇಳುತ್ತಿದ್ದಂತೆ ಅವನಿಗೆ ಹೊಳೆಯಿತು. "ಹಾಗಾದ್ರೆ ನನ್ನ ವ್ಯಾನಿನಲ್ಲಿ ಸಿಕ್ಕಿದ್ದು ಇದಲ್ಲ! ಸರ್‌ದಲ್ಲ ಅದು! ಅಣ್ಣ, ನಾಳೆ... ರುಬೀನನಿಗೆ ಒಂದು ಫೋನ್ ಮಾಡ್ಲಾ?"

"ತಡಿ," ಎಂದ ತಮ್ಮಣ್ಣ.

ಅವನು ದಾನೇಶ್ವರಿಯನ್ನು ನೋಡುತ್ತಿದ್ದ. ಲಿಫ್ಟಿನ ಗುಂಡಿ ಒತ್ತಿದ ಬೆರಳಿನಲ್ಲಿ ಮೂವತ್ತೆರಡು ದಿನದ ಹಿಂದೆ ಮಿಂಚಿದ್ದು ಮತ್ತಾವುದು? ಅಂಥದೇ ಇನ್ನೊಂದನ್ನು ಮಾಡಿಸಿದವರಾರು, ವ್ಯಾನಿನ ಬಕೆಟ್ಟಿಗೆ ಹಾಕಿದವರಾರು? ಅದೇ ಪ್ರಶ್ನೆ ಅವಳ ಮುಖದಲ್ಲೂ ಇತ್ತು. ಅವಳೂ ಈಗಷ್ಟೇ ಅದನ್ನು ಕಂಡವಳು. ಅಷ್ಟನ್ನು ತಮ್ಮಣ್ಣ ನಂಬಿದ.

"ಛಲೋ ಆತು," ಪಾರ್ವತೆವ್ವ ತೊಟ್ಟಿಗೆ ಹೇಳಿದಳು. "ಹೌದು ಅಂದೆ, ನೋಡು."

ಬಿಳಿ ಬೆಳಕು ಮೆಲ್ಲಗೆ ಇಳಿಯತೊಡಗಿತು. ಉಂಗುರ ಮತ್ತೆ ಕಬ್ಬಿಣವಾಯಿತು.

ಆಗ ತಮ್ಮಣ್ಣನ ಕಾಲಿನ ಹಿಂಬದಿಗೆ ಬೆಚ್ಚಗಿನ ಗಾಳಿ ತಾಗಿತು. ಎಸಿಯ ಗಾಳಿಯಲ್ಲ. ಹೊರಗಿನ ಬಿಸಿಲಿನ, ಮೆಟ್ಟಿಲ ಧೂಳಿನ ಗಾಳಿ. ಅವನು ತಿರುಗಿ, ಸದ್ದಿಲ್ಲದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

ಉಪ್ಪಿನ ಬಕೆಟ್ಟು ಒಂದು ಗೇಣು ಸರಿದಿತ್ತು. ಅದು ಕುಳಿತಿದ್ದ ಜಾಗದಲ್ಲಿ ನೆಲದ ಮೇಲೆ ಉಪ್ಪಿನ ಬಿಳಿ ಸುತ್ತು ಉಳಿದಿತ್ತು. ಅದರಾಚೆ ಹಿಂಬಾಗಿಲು ಬೆರಳು ತೂರುವಷ್ಟು ತೆರೆದಿತ್ತು.

ಕಟ್ಟೆಯ ಮೇಲೆ, ಆಗಷ್ಟೇ ಬುತ್ತಿಯಿಂದ ಭಾರವಿದ್ದ ಸ್ಟೀಲಿನ ಡಬ್ಬಿಯನ್ನು ಯಾರೋ ಖಾಲಿ ಮಾಡಿ, ತೊಳೆದು ಬೋರಲು ಹಾಕಿತ್ತು. ಅದರ ಅಂಚಿನಿಂದ ನೀರು ಇನ್ನೂ ಇಳಿಯುತ್ತಿತ್ತು.